ಪೇಟೆಯ ದಿಕ್ಕು, ಕಚೇರಿಯ ದಿಕ್ಕು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯ ಭಾಗ ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಆಗಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡದ ಸೀಮೆ ಆಂಧ್ರಪ್ರದೇಶಕ್ಕೂ ಸೇರಿದವು. ಆ ದಿನದಿಂದ ಬೀದರಿನ ಕಚೇರಿಯ ಕಾಗದಗಳು ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿನ ಕಡೆಗೆ ಹೊರಟವು. ಆದರೆ ಉದ್ದು, ಹೆಸರು, ತೊಗರಿ ಹೇರಿದ ಬಂಡಿಗಳು, ಮದುವೆಯ ಜವಳಿಗೆ ಹೊರಟ ಕುಟುಂಬಗಳು, ಕೂಲಿ ಅರಸುವ ಆಳುಗಳು ಮೊದಲಿನಂತೆ ಆಗ್ನೇಯದ ಹೈದರಾಬಾದಿಗೂ ವಾಯವ್ಯದ ಉದಗೀರ, ಲಾತೂರುಗಳಿಗೂ ಹೋಗುತ್ತಲೇ ಇದ್ದವು. ಕಚೇರಿ ಒಂದು ದಿಕ್ಕಿಗೂ ಪೇಟೆ ಇನ್ನೊಂದು ದಿಕ್ಕಿಗೂ ಮುಖಮಾಡಿದ ಈ ಸ್ಥಿತಿಯಲ್ಲೇ ಬೀದರ್, ಭಾಲ್ಕಿ, ಔರಾದ್ ಎಂಬ ಮೂರು ಊರುಗಳು ಕಳೆದ ಏಳು ದಶಕಗಳಲ್ಲಿ ಬೆಳೆದಿವೆ, ಅಥವಾ ಬೆಳೆಯದೆ ಉಳಿದಿವೆ. ಆ ವಿಭಜನೆಯ ಆಚೀಚಿನ ವರ್ಷಗಳಲ್ಲಿ ಹುಟ್ಟಿ ಈಗ ಎಪ್ಪತ್ತರ ಆಸುಪಾಸಿನಲ್ಲಿರುವ ಪೀಳಿಗೆಯ ನೆನಪುಗಳನ್ನು ಒಂದೆಡೆ ಇಟ್ಟು ನೋಡಿದರೆ ಅವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಯಾವ ಕೆಲಸಕ್ಕೆ ಯಾವ ಊರಿಗೆ ಹೋಗಬೇಕಾಗಿತ್ತು ಎಂಬ ಲೆಕ್ಕವೇ.

ಆ ಪೀಳಿಗೆಯ ಮಕ್ಕಳು ಮನೆಯಲ್ಲಿ ಎರಡು ಬಗೆಯ ರೂಪಾಯಿಯ ಮಾತು ಕೇಳಿ ಬೆಳೆದವರು. ನಿಜಾಮ ಸರಕಾರದ ಸ್ವಂತ ನಾಣ್ಯವಾದ ‘ಹಾಲಿ ಸಿಕ್ಕಾ’ ಒಂದು, ಬ್ರಿಟಿಷ್ ಭಾರತದಿಂದ ಬಂದ ‘ಕಲ್ದಾರ್’ ಇನ್ನೊಂದು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬ ದರದಲ್ಲಿ ಅವುಗಳ ವಿನಿಮಯ ನಡೆಯುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದರೂ ಹಾಲಿ ನಾಣ್ಯದ ಚಲಾವಣೆ ಪೂರ್ತಿಯಾಗಿ ನಿಂತದ್ದು 1959ರಲ್ಲಿ. ಹಳ್ಳಿಯ ಲೆಕ್ಕ ಬರೆಯುವ ಪಟವಾರಿಯ ಕಡತಗಳು ಉರ್ದುವಿನಲ್ಲಿದ್ದವು, ವರ್ಷವನ್ನು ಫಸಲಿ ಎಂಬ ಕಂದಾಯ ಪಂಚಾಂಗದ ಪ್ರಕಾರ ಎಣಿಸಲಾಗುತ್ತಿತ್ತು, ಮತ್ತು 1949ರಲ್ಲಿ ರದ್ದಾಗುವ ತನಕ ಎಷ್ಟೋ ಹಳ್ಳಿಗಳ ಕಂದಾಯ ಸರಕಾರದ ಬೊಕ್ಕಸಕ್ಕೆ ಹೋಗದೆ ಜಾಗೀರುದಾರರಿಗೆ, ಅಂದರೆ ಸೇವೆಗಾಗಿಯೋ ಅನುಗ್ರಹವಾಗಿಯೋ ಹಳ್ಳಿಗಳ ಆದಾಯವನ್ನು ಪಡೆದ ಮನೆತನಗಳಿಗೆ ಸಲ್ಲುತ್ತಿತ್ತು. ಇವತ್ತಿಗೂ ಭಾಲ್ಕಿ, ಔರಾದ್‌ಗಳ ಹೊಲದ ವ್ಯಾಜ್ಯಗಳಲ್ಲಿ ಹಳೆಯ ಉರ್ದು ಕಾಗದ ಓದಬಲ್ಲ ಮುದುಕರೊಬ್ಬರನ್ನು ಹುಡುಕಿಕೊಂಡು ಹೋಗುವ ಪರಿಪಾಠ ಪೂರ್ತಿ ಅಳಿದಿಲ್ಲ, ಅಂಥವರ ಸಂಖ್ಯೆ ಮಾತ್ರ ವರ್ಷವರ್ಷಕ್ಕೆ ಇಳಿಯುತ್ತಿದೆ.

1948ರ ನೆನಪು ಈ ಸೀಮೆಯಲ್ಲಿ ಎರಡು ಪಾಲಾಗಿ ಉಳಿದಿದೆ, ಮತ್ತು ಒಂದನ್ನು ಹೇಳುವವರು ಸಾಮಾನ್ಯವಾಗಿ ಇನ್ನೊಂದನ್ನು ಹೇಳುವುದಿಲ್ಲ. ರಜಾಕಾರರೆಂಬ ಸಶಸ್ತ್ರ ಸ್ವಯಂಸೇವಕ ದಳದ ದಾಳಿಗೆ ಸಿಕ್ಕ ಹಳ್ಳಿಗಳ ಕಥೆ ವಿಮೋಚನಾ ದಿನದ ಭಾಷಣಗಳಲ್ಲಿ ವರ್ಷಕ್ಕೊಮ್ಮೆ ಕೇಳಿಬರುತ್ತದೆ. ನಿಜಾಮನ ಆಳ್ವಿಕೆಯನ್ನು ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸಲ್ಮಾನರ ಮೇಲೆ ನಡೆದ ಹಿಂಸೆಯ ಕಥೆ ಮಾತ್ರ ಬಹುಕಾಲ ಮನೆಯೊಳಗಿನ ಮಾತಾಗಿಯೇ ಉಳಿಯಿತು; ಅದನ್ನು ವಿಚಾರಿಸಲು ನೇಮಕವಾದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತ್ತಾದರೂ ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ನಗರದ ಆರ್ಥಿಕ ಚರಿತ್ರೆ ಬರೆಯುವವರು ಇದನ್ನು ಬದಿಗಿಡುವಂತಿಲ್ಲ. ಹಳೆಯ ಆಡಳಿತದಲ್ಲಿ ನೌಕರಿ, ಜಾಗೀರು, ವಕೀಲಿಗಳನ್ನು ನಂಬಿದ್ದ ಕುಟುಂಬಗಳು ಹೈದರಾಬಾದಿಗೆ ಸರಿದಾಗ ಕೋಟೆಗೋಡೆಯ ಒಳಗಿನ ಊರು ತನ್ನ ಮುಖ್ಯ ಗಿರಾಕಿಗಳನ್ನು ಕಳೆದುಕೊಂಡಿತು.

ಬಿದರಿ ಕಲೆಯ ಇಳಿಗಾಲದ ಬೇರು ಒಂದು ಮಟ್ಟಿಗೆ ಅಲ್ಲೇ ಇದೆ. ಹೆಚ್ಚು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ದು, ಮೇಲ್ಮೈಯನ್ನು ಉಜ್ಜಿ ನಯಗೊಳಿಸಿ, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ (ತಂತಿಯ ಈ ಕೆಲಸಕ್ಕೆ ಕಸುಬುದಾರರು ತಾರಕಶಿ ಎನ್ನುತ್ತಾರೆ), ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಾಯಿಸಿದ ದ್ರಾವಣದಲ್ಲಿ ಅದ್ದಿದಾಗ ಸತು ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹುಕ್ಕಾ, ಪಾನದಾನ, ಹೂದಾನಿಗಳನ್ನು ಕೊಳ್ಳುತ್ತಿದ್ದ ದರಬಾರಿ ಮನೆತನಗಳು ಕರಗಿದ ಮೇಲೆ ಈ ಕಸುಬಿಗೆ ಉಳಿದ ಗಿರಾಕಿಗಳು ಸರಕಾರಿ ಮಾರಾಟ ಮಳಿಗೆ, ಸನ್ಮಾನದ ಸಮಿತಿ ಮತ್ತು ರಫ್ತು ವ್ಯಾಪಾರಿಗಳು. ಈ ಶತಮಾನದ ಮೊದಲ ದಶಕದಲ್ಲಿ ಬಿದರಿಗೆ ಭೌಗೋಳಿಕ ಗುರುತು ಸಿಕ್ಕಿತು, ಅಂದರೆ ಈ ಹೆಸರನ್ನು ಬೇರೆ ಊರಿನ ಸರಕಿಗೆ ಬಳಸದಂತೆ ಕಾನೂನಿನ ರಕ್ಷಣೆ ಬಂತು. 2023ರಲ್ಲಿ ಹಿರಿಯ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಗೌರವ ಬೆಳೆದಷ್ಟು ಕೂಲಿ ಬೆಳೆಯಲಿಲ್ಲವಾದ್ದರಿಂದ ಕುಶಲಕರ್ಮಿಗಳ ಮಕ್ಕಳಲ್ಲಿ ಹಲವರು ಮೊಬೈಲ್ ರಿಪೇರಿಗೋ ಆಟೋ ಓಡಿಸಲಿಕ್ಕೋ ಕೊಲ್ಲಿ ದೇಶಗಳಿಗೋ ಹೋದರು, ಮತ್ತು ಅದನ್ನು ಪರಂಪರೆಯ ದ್ರೋಹವೆಂದು ಹಳಿಯುವುದು ಹೊಟ್ಟೆ ತುಂಬಿದವರಿಗೆ ಮಾತ್ರ ಸಾಧ್ಯ.

ಭಾಲ್ಕಿಯ ಚರಿತ್ರೆಯಲ್ಲಿ ಇದೇ ಅವಧಿ ಬೇರೆ ರೀತಿಯಲ್ಲಿ ನೆನಪಾಗುತ್ತದೆ, ಏಕೆಂದರೆ ಅಲ್ಲಿ ಬದಲಾವಣೆಯನ್ನು ಹೊತ್ತು ತಂದದ್ದು ದರಬಾರಲ್ಲ, ಮಠ. ಭಾಲ್ಕಿ ಹಿರೇಮಠದ ಡಾ. ಚೆನ್ನಬಸವ ಪಟ್ಟದೇವರು ನಿಜಾಮನ ಕಾಲದಲ್ಲಿ ಕಮಲನಗರ, ಭಾಲ್ಕಿಗಳಲ್ಲಿ ಶಾಲೆ ತೆರೆದು, ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಮನೆಮನೆಯ ಮಾತು. ನೂರು ವರ್ಷಕ್ಕೂ ಮಿಕ್ಕಿದ ತುಂಬು ಬದುಕು ಬಾಳಿ 1999ರಲ್ಲಿ ಲಿಂಗೈಕ್ಯರಾದ ಅವರ ಸಾಧನೆಯನ್ನು ಭಾಷಾಭಿಮಾನದ ಚೌಕಟ್ಟಿನಲ್ಲಿ ಹೊಗಳುವುದು ರೂಢಿ. ಆದರೆ ಆ ಶಾಲೆಗಳ ಆರ್ಥಿಕ ಫಲವನ್ನು ಅಷ್ಟೇ ಗಮನವಿಟ್ಟು ನೋಡಬೇಕು. 1956ರಲ್ಲಿ ಆಡಳಿತ ಭಾಷೆ ಕನ್ನಡದ ಕಡೆಗೆ ತಿರುಗಿದಾಗ ಶಿಕ್ಷಕ, ಗ್ರಾಮಲೆಕ್ಕಿಗ, ಕಂಡಕ್ಟರ್, ಗುಮಾಸ್ತ ಮುಂತಾದ ಹುದ್ದೆಗಳಿಗೆ ಕನ್ನಡ ಓದುಬರಹ ಬಲ್ಲ ಸ್ಥಳೀಯರು ಬೇಕಾದರು, ಮತ್ತು ಉರ್ದು, ಮರಾಠಿ ಶಾಲೆಗಳಲ್ಲಿ ಕಲಿತವರೇ ತುಂಬಿದ್ದ ಜಿಲ್ಲೆಯಲ್ಲಿ ಆ ಪೈಪೋಟಿಗೆ ಸಿದ್ಧರಾಗಿದ್ದ ಹುಡುಗರು ಭಾಲ್ಕಿಯ ಸುತ್ತಿನಲ್ಲಿದ್ದರು. ಮಠದ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲೇ ಮಲಗಿ, ಹತ್ತನೆಯ ತರಗತಿ ದಾಟಿದ ರೈತರ ಮಕ್ಕಳು ಸರಕಾರಿ ಸಂಬಳದ ಮೊದಲ ಪೀಳಿಗೆಯಾದರು. ಭಾಲ್ಕಿ ಪೇಟೆಯಲ್ಲಿ ಮಾಳಿಗೆ ಮನೆಗಳ ನಡುವೆ ಎದ್ದ ಮೊದಲ ಸಿಮೆಂಟಿನ ಮನೆಗಳಲ್ಲಿ ಮಾಸ್ತರರ ಮನೆಗಳೂ ಇದ್ದದ್ದು ಆ ಕಾರಣಕ್ಕಾಗಿಯೇ. ಅಪವಾದವೂ ಇತ್ತು. ಹೆಣ್ಣುಮಕ್ಕಳು ಈ ಸಾಲಿಗೆ ಬರಲು ಇನ್ನೊಂದು ಪೀಳಿಗೆ ಹಿಡಿಯಿತು, ದಲಿತ ಕೇರಿಗಳಿಗೆ ಈ ಮಾರ್ಗ ತೆರೆದದ್ದು ಇನ್ನೂ ತಡವಾಗಿ.

ಶಾಲೆ ಮುಗಿದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆಗೆ ಸಿಗುತ್ತಿದ್ದ ಉತ್ತರವೇ ಈ ಸೀಮೆಯ ಕಚೇರಿಯ ದಿಕ್ಕು ಎಷ್ಟು ಸಲ ಅಲುಗಾಡಿತು ಎಂಬುದನ್ನು ತೋರಿಸುತ್ತದೆ. ತಂದೆಯ ತಲೆಮಾರಿಗೆ ಪದವಿಯೆಂದರೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ. 1956ರ ಏಕೀಕರಣದ ನಂತರದವರಿಗೆ ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಾಯಿತು. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ. ಬೀದರಿಗೇ ತನ್ನದೊಂದು ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಧಾರವಾಡಕ್ಕೆ ಹೋದವರ ನೆನಪಿನಲ್ಲಿ ಎರಡು ಸಂಗತಿ ಸದಾ ಇರುತ್ತವೆ: ಬೀದರಿನಿಂದ ಕಲಬುರಗಿಗೆ ನೇರ ರೈಲಿಲ್ಲದ್ದು, ಮತ್ತು ತಮ್ಮ ಕನ್ನಡಕ್ಕೆ ಅಲ್ಲಿಯ ಸಹಪಾಠಿಗಳು ನಕ್ಕದ್ದು. ಈ ಎರಡನೆಯದನ್ನು ಹಲವರು ತಮಾಷೆಯಾಗಿ ಹೇಳುತ್ತಾರೆ, ಆದರೆ ಬೀದರಿನ ಬಹಳ ಮಂದಿ ಪದವೀಧರರು ಮತ್ತೆ ಹೈದರಾಬಾದಿನ ಕಡೆಗೇ ಕೆಲಸಕ್ಕೆ ಹೋದದ್ದಕ್ಕೆ ದೂರದ ಜೊತೆಗೆ ಈ ಮುಜುಗರವೂ ಒಂದು ಕಾರಣವಾಗಿತ್ತೆಂದು ತೋರುತ್ತದೆ; ಉರ್ದು ಬೆರೆತ ಮಾತಿಗೆ ಅಲ್ಲಿ ಯಾರೂ ನಗುತ್ತಿರಲಿಲ್ಲ.

ಹೈದರಾಬಾದಿನ ಸೆಳೆತಕ್ಕೆ ಗಟ್ಟಿಯಾದ ಆರ್ಥಿಕ ಕಾರಣಗಳೂ ಇದ್ದವು. ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಕಾರ್ಖಾನೆ, ಅದರ ಸುತ್ತ ಬೆಳೆದ ಪಟಾನ್‌ಚೆರುವಿನ ಕೈಗಾರಿಕಾ ವಲಯ, ಮುಂದೆ ಜಹೀರಾಬಾದಿನ ವಾಹನ ಕಾರ್ಖಾನೆ, ಇವೆಲ್ಲ ಹೈದರಾಬಾದ್–ಮುಂಬಯಿ ಹೆದ್ದಾರಿಯ ಮೇಲೆ ಸಾಲಾಗಿ ಎದ್ದವು, ಮತ್ತು ಬೀದರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಕೆಲವೇ ಗಂಟೆಗಳ ದಾರಿ. ಬೀದರ್ ತನ್ನ ಪಾಲಿಗೆ ಪಡೆದದ್ದು ಕೊಳಾರ ಕೈಗಾರಿಕಾ ಪ್ರದೇಶ. ನೂರಾರು ಎಕರೆ ಜಮೀನನ್ನು ಸ್ವಾಧೀನ ಮಾಡಿಕೊಂಡು ರೂಪಿಸಿದ ಆ ಪ್ರದೇಶದಲ್ಲಿ ಔಷಧಿ ಮತ್ತು ರಾಸಾಯನಿಕ ಘಟಕಗಳು ಪ್ರಮುಖವಾಗಿ ನೆಲೆಯೂರಿದವು. ಸುತ್ತಲಿನ ಹಳ್ಳಿಗಳವರು ಕೆಲಸದ ಬಗ್ಗೆ ಮಾತಾಡುವುದಕ್ಕಿಂತ ರಾತ್ರಿಯ ವಾಸನೆ ಮತ್ತು ಬಾವಿಯ ನೀರಿನ ಬಗ್ಗೆ ಮಾತಾಡುವುದೇ ಹೆಚ್ಚು.

ಹಾಗಿದ್ದೂ ಬೀದರ್ ನಗರ ಬೆಳೆಯಿತು. 2011ರ ಜನಗಣತಿಯ ಹೊತ್ತಿಗೆ ಅದರ ಜನಸಂಖ್ಯೆ 2.16 ಲಕ್ಷ ಮುಟ್ಟಿತ್ತು, ಆಗ ಭಾಲ್ಕಿ ಸುಮಾರು 40 ಸಾವಿರದ ಊರು, ಔರಾದ್ ಸುಮಾರು 20 ಸಾವಿರದ್ದು. ದೊಡ್ಡ ಕಾರ್ಖಾನೆಯಿಲ್ಲದ ಊರು ಹೀಗೆ ಬೆಳೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬೇರೆಡೆಯ ಸಂಬಳ ಮತ್ತು ಬೇರೆಡೆಯ ಶುಲ್ಕದಲ್ಲಿದೆ. 1960ರ ದಶಕದಲ್ಲಿ ವಾಯುಪಡೆಯ ತರಬೇತಿ ಕೇಂದ್ರ ನೆಲೆಗೊಂಡಿತು, ಅದರ ಸಂಬಳದ ದಿನ ಪೇಟೆಗೂ ಹಬ್ಬವಾಯಿತು. ಗುರುದ್ವಾರ ನಾನಕ್ ಝೀರಾ ಸಾಹಿಬ್‌ಗೆ ಬರುವ ಯಾತ್ರಿಕರ ಜೊತೆಗೆ 1980ರಿಂದ ಗುರುನಾನಕ ದೇವ್ ಎಂಜಿನಿಯರಿಂಗ್ ಕಾಲೇಜಿಗೆ ಪಂಜಾಬ್, ದೆಹಲಿಗಳಿಂದ ವಿದ್ಯಾರ್ಥಿಗಳು ಬಂದರು. 1988ರ ಸೆಪ್ಟೆಂಬರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ಇಲ್ಲಿ ನಡೆದ ಹತ್ಯೆಗಳನ್ನು ಊರು ಈಗ ಬಹುತೇಕ ಮಾತಾಡುವುದಿಲ್ಲ. ಹೊರಗಿನ ವಿದ್ಯಾರ್ಥಿಗಳ ಬಾಡಿಗೆಯಿಂದ ಬದುಕುವ ಊರೊಂದು ಅದೇ ವಿದ್ಯಾರ್ಥಿಗಳನ್ನು ಪರಕೀಯರೆಂದು ಕಂಡ ಆ ಪ್ರಕರಣಕ್ಕೆ ನಗರದ ಚರಿತ್ರೆಯಲ್ಲಿ ಒಂದು ಪುಟವಾದರೂ ಬೇಕು. 1989ರಲ್ಲಿ ಅಬ್ದುಲ್ ಖದೀರ್ ಅವರು ಸಣ್ಣ ಪ್ರಮಾಣದಲ್ಲಿ ಆರಂಭಿಸಿದ ಶಾಹೀನ್ ಶಿಕ್ಷಣ ಸಂಸ್ಥೆ ಮುಂದೆ ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ದೇಶದ ನಾನಾ ರಾಜ್ಯಗಳ ಮಕ್ಕಳನ್ನು ಸೆಳೆಯಿತು. ಇದರ ಮೇಲೆ ಪಶುವೈದ್ಯಕೀಯ ವಿಶ್ವವಿದ್ಯಾಲಯ, 2007ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದವು. ಹಾಸ್ಟೆಲ್, ಮೆಸ್, ಝೆರಾಕ್ಸ್ ಅಂಗಡಿ, ಸ್ಟೇಷನರಿ, ಔಷಧಿ ಅಂಗಡಿ, ಆಟೋ, ಬಾಡಿಗೆ ಕೋಣೆ, ಇವುಗಳೇ ಇಂದಿನ ಬೀದರಿನ ನಿಜವಾದ ಉದ್ದಿಮೆಗಳು.

ಇಂಥ ಬೆಳವಣಿಗೆ ನೆಲದ ಮೇಲೆ ಮೂಡಿದ ಬಗೆಯನ್ನು ಹಳಬರು ದರವಾಜೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಅವರ ಬಾಲ್ಯದಲ್ಲಿ ಊರೆಂದರೆ ಚೌಬಾರಾ ಗೋಪುರದಲ್ಲಿ ಕೂಡುವ ನಾಲ್ಕು ರಸ್ತೆಗಳು, ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಮತ್ತು ದರವಾಜೆಗಳಿದ್ದ ಸುತ್ತಲಿನ ಗೋಡೆ. ಗೋಡೆಯಾಚೆಗೆ ಮಂಗಲಪೇಟೆಯ ಕ್ರೈಸ್ತ ಮಿಷನ್ ಮತ್ತು ಗಾಂಧಿಗಂಜಿನ ಧಾನ್ಯದ ಅಡತಿ ಅಂಗಡಿಗಳು. ಈಗ ನೌಬಾದ್, ಮೈಲೂರು, ಗುಂಪಾ, ಚಿದ್ರಿ ಎಂಬ ಹಳ್ಳಿಗಳೆಲ್ಲ ಬಡಾವಣೆಗಳಾಗಿವೆ. ಹೊಲವನ್ನು ‘ಎನ್‌ಎ’ ಮಾಡಿಸುವುದು, ಅಂದರೆ ಕೃಷಿಯೇತರ ಭೂಮಿಯೆಂದು ಪರಿವರ್ತಿಸಿ ನಿವೇಶನಗಳಾಗಿ ಒಡೆದು ಮಾರುವುದು, ಇಲ್ಲಿ ಬೆಳೆಗಿಂತ ಖಚಿತವಾದ ಆದಾಯವಾಗಿದೆ.

ಅದರ ಬೆಲೆ ನೀರಿನಲ್ಲಿ ಸಂದಿತು. ಬೀದರ್ ಕೂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ; ರಂಧ್ರಮಯವಾದ ಆ ಕಲ್ಲು ಮಳೆನೀರನ್ನು ಹೀರಿ ಕೆಳಗಿನ ಗಟ್ಟಿ ಬಸಾಲ್ಟ್ ಬಂಡೆಯ ಮೇಲೆ ನಿಲ್ಲಿಸುತ್ತದೆ. ಬಹಮನಿ ಕಾಲದವರು ಪರ್ಷಿಯಾದ ವಿಧಾನ ಅನುಸರಿಸಿ ಕರೇಜ್‌ಗಳನ್ನು, ಅಂದರೆ ಆ ನೀರನ್ನು ಇಳಿಜಾರಿನಲ್ಲಿ ಊರಿನ ಕಡೆಗೆ ಹರಿಸುವ ಸುರಂಗ ಕಾಲುವೆಗಳನ್ನು ತೋಡಿ, ಗಾಳಿ ಬೆಳಕಿಗೂ ಹೂಳೆತ್ತುವುದಕ್ಕೂ ಮೇಲಿನಿಂದ ಬಾವಿಗಳನ್ನು ಇಳಿಸಿದ್ದರು. ನೌಬಾದಿನ ಕರೇಜಿನ ಬಾವಿಗಳಲ್ಲಿ ಕೆಲವು ಕಸದಿಂದ ತುಂಬಿದವು, ಕೆಲವು ನಿವೇಶನಗಳ ಅಡಿಗೆ ಹೋದವು. ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರ ಅಧ್ಯಯನ ಮತ್ತು ಕಳೆದ ದಶಕದ ಬರಗಾಲದ ಹೊತ್ತಿನಲ್ಲಿ ಜಿಲ್ಲಾಡಳಿತ ಕೈಗೊಂಡ ಹೂಳೆತ್ತುವಿಕೆಯಿಂದ ಆ ಕರೇಜು ಮತ್ತೆ ಬೆಳಕಿಗೆ ಬಂತು. ಆದರೆ ಅಷ್ಟರಲ್ಲಿ ನಗರದ ನಲ್ಲಿಗಳು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯವನ್ನು ನೆಚ್ಚಿಕೊಂಡಿದ್ದವು.

ಬ್ಯಾಲಹಳ್ಳಿಯ ಬಳಿ ಮಾಂಜ್ರಾ ನದಿಯ ಉಪನದಿಗೆ ಕಟ್ಟಿದ, 7.69 ಟಿ.ಎಂ.ಸಿ. ಸಾಮರ್ಥ್ಯದ ಈ ಅಣೆಕಟ್ಟು 1980ರ ದಶಕದ ಕೊನೆಗೆ ಮುಗಿಯಿತು. ಒಣಬೇಸಾಯದ ಸೀಮೆಯನ್ನು ಕಬ್ಬಿನ ಸೀಮೆಯಾಗಿಸುವುದು ಆ ಕಾಲದ ನಾಯಕರ ಕನಸಾಗಿತ್ತು. ಭೀಮಣ್ಣ ಖಂಡ್ರೆಯವರಂಥ ವಿಮೋಚನಾ ಹೋರಾಟದಿಂದ ಬಂದವರು ಸಹಕಾರ ಸಕ್ಕರೆ ಕಾರ್ಖಾನೆಗಳನ್ನು ಕಟ್ಟಲು ಓಡಾಡಿದರು, ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಹೆಸರಿನ ಕಾರ್ಖಾನೆ ಎದ್ದಿತು. ಷೇರು ಹಣ ಕಟ್ಟಿ ಸದಸ್ಯರಾದ ರೈತರಿಗೆ ಕಾರ್ಖಾನೆ ತಮ್ಮದೆಂಬ ಹೆಮ್ಮೆ ಕೊಂಚ ಕಾಲ ಇತ್ತು. ಕಬ್ಬಿನ ಬಾಕಿ, ಸಾಲದ ಮೇಲಿನ ಬಡ್ಡಿ, ಆಡಳಿತ ಮಂಡಳಿಯ ಚುನಾವಣೆ ಇವು ಮೂರೂ ಒಂದರೊಳಗೊಂದು ಹೆಣೆದುಕೊಂಡು ಜಿಲ್ಲೆಯ ಸಹಕಾರಿ ಕಾರ್ಖಾನೆಗಳನ್ನು ಕಾಡಿದವು, ಹಳ್ಳಿಖೇಡದ ಕಾರ್ಖಾನೆ ಕಬ್ಬು ನುರಿಸುವುದನ್ನೇ ನಿಲ್ಲಿಸಿತು. ಇತ್ತ ಜಲಾಶಯಕ್ಕೆ ಹೊಲ ಕೊಟ್ಟವರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳಿಂದ ಬೀದರಿನಲ್ಲಿ ಧರಣಿ ಕೂತು ಎದ್ದಿದ್ದಾರೆ. ಅವರ ಮುಳುಗಿದ ಹೊಲಗಳ ನೀರನ್ನು ಕುಡಿಯುವ ನಗರದಲ್ಲೇ ಆ ಧರಣಿ ನಡೆಯುತ್ತದೆ, ಮತ್ತು ದಾರಿಹೋಕರಿಗೆ ಅದು ರೂಢಿಯ ದೃಶ್ಯವಾಗಿಬಿಟ್ಟಿದೆ.

ಔರಾದಿನಲ್ಲಿ ಇಂಥ ದೊಡ್ಡ ಯೋಜನೆಗಳ ನೆನಪು ಕಡಿಮೆ. ಅಮರೇಶ್ವರ ಜಾತ್ರೆ, ಸಂತೆ, ತಹಸೀಲು ಕಚೇರಿ, ನಾಂದೇಡದ ಕಡೆಗೆ ಹೋಗುವ ರಸ್ತೆ, ಇಷ್ಟೇ ಬಹುಕಾಲ ಆ ಪಟ್ಟಣದ ಬಂಡವಾಳ. ರೈಲು ಹಿಡಿಯಲು ಕಮಲನಗರಕ್ಕೋ ಭಾಲ್ಕಿಗೋ ಬೀದರಿಗೋ ಹೋಗಬೇಕಿತ್ತು. ಅಲ್ಲಿ ನಡೆದ ದೊಡ್ಡ ಬದಲಾವಣೆ ಹೊಲದಲ್ಲಿ ಸದ್ದಿಲ್ಲದೆ ಆಯಿತು. ಮುಂಗಾರಿನಲ್ಲಿ ಜೋಳ, ಉದ್ದು, ಹೆಸರು, ತೊಗರಿಗಳನ್ನು ಅಕ್ಕಡಿ ಸಾಲುಗಳಲ್ಲಿ ಬಿತ್ತುತ್ತಿದ್ದ ಎರೆಭೂಮಿ ಎರಡು ಮೂರು ದಶಕಗಳಲ್ಲಿ ಸೋಯಾಬೀನಿಗೆ ತಿರುಗಿತು. ಸುಮಾರು ನೂರು ದಿನಗಳಲ್ಲಿ ಕೈಗೆ ಬರುವ, ಲಾತೂರಿನ ಎಣ್ಣೆ ಮಿಲ್ಲುಗಳಲ್ಲಿ ಯಾವಾಗಲೂ ಗಿರಾಕಿಯಿರುವ, ಹಿಂಗಾರಿಗೆ ಕಡಲೆ ಬಿತ್ತಲು ಹೊಲ ಬಿಟ್ಟುಕೊಡುವ ಬೆಳೆಯನ್ನು ರೈತರು ಆರಿಸಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಆದರೆ ಮುಂಗಾರಿ ಜೋಳ ಹೋದಾಗ ಅದರ ಕಣಿಕೆಯೂ, ಅಂದರೆ ದನಗಳ ವರ್ಷದ ಮೇವಾಗಿದ್ದ ಒಣದಂಟೂ ಹೋಯಿತು. ಈ ಸೀಮೆಯ ಹೆಮ್ಮೆಯಾದ, ಕರಿ ಬಿಳಿ ಬಣ್ಣದ, ಉಳುಮೆಗೂ ಹಾಲಿಗೂ ಒದಗುವ ದೇವಣಿ ತಳಿ ಮನೆಮುಂದಿನ ಗೂಟದಿಂದ ಕರಗಿದ್ದಕ್ಕೆ ಟ್ರ್ಯಾಕ್ಟರನ್ನು ದೂರುವವರು ಮೇವಿನ ಈ ಲೆಕ್ಕವನ್ನು ಮರೆಯುತ್ತಾರೆ.

ಎತ್ತಿಲ್ಲದ, ಕಳೆಗೆ ಔಷಧಿ ಹೊಡೆಯುವ, ಕೊಯ್ಲಿನಲ್ಲಿ ಮಾತ್ರ ಆಳು ಬೇಡುವ ಬೇಸಾಯದಲ್ಲಿ ವರ್ಷದ ಬಹುಪಾಲು ಕೂಲಿಯೇ ಇಲ್ಲವಾದ್ದರಿಂದ ಔರಾದ್ ತಾಲ್ಲೂಕಿನ ಹಳ್ಳಿ, ತಾಂಡಾಗಳಿಂದ ಹೈದರಾಬಾದಿನ ಕಟ್ಟಡ ಕೆಲಸಕ್ಕೆ, ಪುಣೆ, ಮುಂಬಯಿಗಳ ಕೂಲಿಗೆ, ಮಹಾರಾಷ್ಟ್ರದ ಕಬ್ಬಿನ ಕಟಾವಿಗೆ ಗುಳೆ ಹೋಗುವುದು ಹೆಚ್ಚಿತು. ತಾಂಡಾ ಎಂದರೆ ಲಂಬಾಣಿಗರ ವಸತಿ. ಈ ಸಮುದಾಯದ ವಿಷಯದಲ್ಲಿ 1956ರ ಗೆರೆ ವಿಚಿತ್ರವಾದ ಕೆಲಸ ಮಾಡಿದೆ. ಒಂದೇ ಬಳಗದ ಅಣ್ಣತಮ್ಮಂದಿರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿಯಾಚೆಗೆ ಮದುವೆಯಾಗಿ ಹೋದ ಹೆಣ್ಣುಮಗಳ ಮಕ್ಕಳ ಶಾಲಾ ದಾಖಲಾತಿಯಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ.

ಗುಳೆಯನ್ನು ತಡೆಯದಿದ್ದರೂ ಅದರ ಕಹಿಯನ್ನು ಕೊಂಚ ಇಳಿಸಿದ್ದು ಸಾಲದ ವ್ಯವಸ್ಥೆಯಲ್ಲಾದ ಬದಲಾವಣೆ. ಗುರುಪಾದಪ್ಪ ನಾಗಮಾರಪಳ್ಳಿಯವರ ನಾಯಕತ್ವದಲ್ಲಿ ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು 1990ರ ದಶಕದಿಂದ ಮಹಿಳಾ ಸ್ವಸಹಾಯ ಗುಂಪುಗಳನ್ನು ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕ ಕಟ್ಟಿಸಿ, ವಾರವಾರದ ಉಳಿತಾಯದ ಆಧಾರದ ಮೇಲೆ ಸಾಲ ಕೊಟ್ಟು, ನಾಡಿನ ಬೇರೆ ಜಿಲ್ಲೆಗಳವರು ಬಂದು ನೋಡುವಂಥ ಮಾದರಿಯನ್ನು ರೂಪಿಸಿತು. ಮದುವೆಗೋ ಆಸ್ಪತ್ರೆಗೋ ಸಾಹುಕಾರನ ಬಳಿ ಬೆಳ್ಳಿ ಕಡಗ ಒತ್ತೆಯಿಟ್ಟ ತಾಯಂದಿರನ್ನು ಕಂಡ ಪೀಳಿಗೆಗೆ ‘ಸಂಘದ ದುಡ್ಡು’ ಎಂಬ ಮಾತು ಹೊಸ ಕಾಲದ ಗುರುತು. ಆ ದುಡ್ಡಿನಿಂದ ಕೊಂಡ ಎಮ್ಮೆ, ಹೊಲಿಗೆ ಯಂತ್ರಗಳಿಗಿಂತ ಮಗಳನ್ನು ಬೀದರಿನ ಹಾಸ್ಟೆಲಿಗೆ ಸೇರಿಸಿದ ಶುಲ್ಕದ ರಸೀದಿಗಳನ್ನು ಎಣಿಸಿದ್ದರೆ ಈ ಯೋಜನೆಯ ಫಲ ಇನ್ನೂ ಸರಿಯಾಗಿ ತಿಳಿಯುತ್ತಿತ್ತು.

ಕಚೇರಿಯ ದಿಕ್ಕು ಪೇಟೆಯ ದಿಕ್ಕನ್ನು ತಿರುಗಿಸಲು ಗಂಭೀರವಾಗಿ ಯತ್ನಿಸಿದ್ದು ಈ ಶತಮಾನದಲ್ಲಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲಿದ್ದವು, ಔರಾದ್ ಅವುಗಳಲ್ಲೊಂದು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಮೀಸಲಾದವು. ಹಳೆಯ ಬೀದರ್ ಜಿಲ್ಲೆಯ ಮೂರು ತುಂಡುಗಳೂ ಈಗ ಅದೇ 371ನೆಯ ವಿಧಿಯ ಮೂರು ಬೇರೆ ಬೇರೆ ಕವಲುಗಳ ಕೆಳಗೆ ಬರುತ್ತವೆ: ಉದಗೀರ ಮರಾಠವಾಡಾದ ಕವಲಿನಲ್ಲಿ, ಜಹೀರಾಬಾದ್ 1970ರ ದಶಕದಲ್ಲೇ ಬಂದ 371(ಡಿ)ಯಲ್ಲಿ, ಬೀದರ್ 371(ಜೆ)ಯಲ್ಲಿ. ನಿಜಾಮನ ಒಂದೇ ಜಿಲ್ಲೆಯ ಹಿಂದುಳಿದಿರುವಿಕೆಯನ್ನು ಮೂರು ರಾಜ್ಯಗಳು ಮೂರು ಕಾಲದಲ್ಲಿ ಒಪ್ಪಿಕೊಂಡವು, ಕರ್ನಾಟಕ ಎಲ್ಲರಿಗಿಂತ ಕೊನೆಗೆ.

ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರಿನಲ್ಲಿ ಲೋಕಾರ್ಪಣೆಯಾದಾಗ ವಿಭಜನೆಯಿಂದ ಆರು ದಶಕ ಕಳೆದಿತ್ತು. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನವೂ ಹಾರಿತು, ಮುಂದೆ ನಿಂತು ನಿಂತು ನಡೆಯಿತು. ಆದರೆ ಔರಾದಿನವರ ದಿನಬಳಕೆಯ ಸವಾರಿ ಬಸ್ಸು, ಮತ್ತು 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಆ ಸವಾರಿಯಲ್ಲೇ ಎರಡು ದಿಕ್ಕುಗಳನ್ನು ಹೊಸದಾಗಿ ಬೇರ್ಪಡಿಸಿದೆ. ಮಹಿಳೆಯರಿಗೆ ಟಿಕೆಟ್ ಹಣವಿಲ್ಲದ ಪ್ರಯಾಣ ರಾಜ್ಯದ ಒಳಗಿನದಾದ್ದರಿಂದ ಆಸ್ಪತ್ರೆ, ಬ್ಯಾಂಕು, ಕಾಲೇಜು, ಜಾತ್ರೆಗಳಿಗಾಗಿ ಬೀದರಿಗೂ ಕಲಬುರಗಿಗೂ ಹೋಗುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ, ಬೀದರಿನ ಬಸ್‌ನಿಲ್ದಾಣದ ಸುತ್ತಲಿನ ಬಳೆ, ಬಟ್ಟೆ, ಔಷಧಿ ಅಂಗಡಿಗಳಿಗೆ ಅದರ ಲಾಭ ಸಿಕ್ಕಿದೆ. ಅದೇ ಹೆಣ್ಣುಮಕ್ಕಳು ಕೂಲಿಗಾಗಿ ಹೈದರಾಬಾದಿನ ಬಸ್ಸು ಹತ್ತಿದಾಗ ಮಾತ್ರ ಕಂಡಕ್ಟರ್ ಟಿಕೆಟಿಗೆ ಹಣ ಕೇಳುತ್ತಾನೆ.